ಹೀರೋ ಹೆದರಿದ, ಟೇಕ್ ಓಕೆ

ಈಗಿನ ಆಕ್ಷನ್ ಥ್ರಿಲ್ಲರ್ ಹೀರೋಗೆ ಸಿಕ್ಸ್ ಪ್ಯಾಕ್ ಒಂದಿದ್ದರೆ ಸಾಲದು. ಒಂದು ದೌರ್ಬಲ್ಯವೂ ಬೇಕು. ಮೊದಲೆಲ್ಲ ಭಯ ಅಂದರೇನು ಅಂತಲೇ ಗೊತ್ತಿಲ್ಲದವನು ಹೀರೋ. ಈಗ ಇಂಟರ್ವಲ್ ಆದ ಮೇಲೆ ಮಳೆಯಲ್ಲಿ ಮಂಡಿಯೂರಿ, "ನಾನೂ ಸೋತಿದ್ದೀನಿ, ನಂಗೂ ಭಯ ಆಗುತ್ತೆ" ಅಂತ ಅಳಬೇಕು. ಅತ್ತ ಎರಡೇ ನಿಮಿಷಕ್ಕೆ ಅವನು ಮನುಷ್ಯನಾಗಿ ಬೆಳೆದುಬಿಡುತ್ತಾನೆ. ಅಳುವ ಮೊದಲು ಇಪ್ಪತ್ತು ಜನಕ್ಕೆ ಹೊಡೆಯುತ್ತಿದ್ದವನು ಈಗ ಮೂವತ್ತು ಜನಕ್ಕೆ ಹೊಡೆಯುತ್ತಾನೆ.

ಆ ದೌರ್ಬಲ್ಯಗಳಾದರೂ ಎಂಥವು? ರಾತ್ರಿ ನಿದ್ದೆ ಬರಲ್ಲ. ಹಳೇ ನೋವು. ಜಾಸ್ತಿ ಪ್ರೀತಿಸಿಬಿಡ್ತೀನಿ. ಎಲ್ಲವೂ ಗಡ್ಡಕ್ಕೆ ಒಪ್ಪುವಂಥವೇ. ಗ್ಯಾಸ್ಟ್ರಿಕ್ ಇರುವ ಹೀರೋನ ಯಾರಾದರೂ ನೋಡಿದ್ದೀರಾ? ಭಾವನ ಹತ್ತಿರ ಸಾಲ ಮಾಡಿ, ಆಮೇಲೆ ಅವರ ಫೋನ್ ಎತ್ತದ ಹೀರೋನ?

ಮಡಿಕೇರಿ ಹತ್ತಿರ ನಮ್ಮ ಪಕ್ಕದ ಕಾಫಿ ತೋಟದಲ್ಲಿ ಇಂಥದ್ದೇ ಒಂದು ಸೀನ್ ತೆಗೆದರು. ಜುಲೈ ತಿಂಗಳು. ನಮ್ಮನೆ ಬಟ್ಟೆ ಒಣಗಿ ಮೂರು ವಾರ ಆಗಿತ್ತು. ಆದರೂ ಮಳೆ ಸೀನಿಗೆ ಅಂತ ಟ್ಯಾಂಕರಲ್ಲಿ ನೀರು ಬಂತು! ಕೊಡಗಿನ ಮಳೆ ಕ್ಯಾಮೆರಾಗೆ ಸರಿಯಾಗಿ ಕಾಣಲ್ಲವಂತೆ. ಕಟ್ ಅಂದರೆ ನಿಲ್ಲೋದೂ ಇಲ್ಲವಂತೆ. ಅದು ಮಾತ್ರ ನಿಜ.

ಹೀರೋ ಸಾಹೇಬರು ಮಂಡಿಯೂರಿದರು. ಐದು ಟೇಕ್ ಆಯಿತು. ಹಾಕಿದ ಗ್ಲಿಸರಿನ್ ಎಲ್ಲ ಟ್ಯಾಂಕರ್ ನೀರಿಗೇ ತೊಳೆದುಹೋಯಿತು. ಆರನೇ ಟೇಕಿಗೆ ಒಂದು ಜಿಗಣೆ ಕಾಲುಚೀಲದೊಳಗೆ ನುಗ್ಗಿತು ನೋಡಿ, "ಅಮ್ಮಾ!" ಅಂದ ಆ ಕೂಗಿಗೆ ಮರದ ಮೇಲಿನ ಮಂಗಗಳೂ ಜಾಗ ಬದಲಿಸಿದವು. ತೋಟದ ಕೆಲಸದಾಕೆ ಓಡಿಬಂದಳು. "ಕೀಳಬೇಡಿ ಸಾರ್, ರಕ್ತ ನಿಲ್ಲಲ್ಲ" ಅಂತ ತನ್ನ ಎಲೆಅಡಿಕೆ ಚೀಲದಿಂದ ಸುಣ್ಣ ತೆಗೆದು ಹಚ್ಚಿದಳು. ಜಿಗಣೆ ಉದುರಿ ಬಿದ್ದ ಮೇಲೂ ಸಾಹೇಬರು ಆಕೆಯ ಸೆರಗಿನ ತುದಿ ಬಿಟ್ಟಿರಲಿಲ್ಲ. ಕ್ಯಾಮೆರಾ ಓಡುತ್ತಲೇ ಇತ್ತು. ಡೈರೆಕ್ಟರ್ ಅದನ್ನು ತೆಗೆಸಿಹಾಕಿದರು. ಭಯ ಸ್ವಲ್ಪ ಜಾಸ್ತಿ ಆಯಿತಂತೆ.

ಆ ತೋಟದ ಅಜ್ಜ ಇದನ್ನೆಲ್ಲ ಕೊಡೆ ಹಿಡಿದು ನೋಡುತ್ತಿದ್ದರು. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡವರಿಗೂ ಜಮ್ಮಾ ಅನ್ನೋ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ 2029ರವರೆಗೆ ವಿನಾಯಿತಿ ಇದೆಯಲ್ಲ, ಅಂಥ ಮನೆಯವರು. ಸೆಪ್ಟೆಂಬರ್ 3ರ ಕೈಲ್ ಮುಹೂರ್ತಕ್ಕೆ, ಅಂದರೆ ಕೊಡವರ ಆಯುಧಪೂಜೆ ಹಬ್ಬಕ್ಕೆ, ಕೋವಿ ತೊಳೆದು, ಹೂವಿಟ್ಟು, ಪೂಜೆ ಮಾಡಿದರು. ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸರದಿ ಬಂದಾಗ ಮಾತ್ರ ಕೋವಿಯನ್ನು ಮೊಮ್ಮಗಳ ಕೈಗೆ ಕೊಟ್ಟರು. "ಕಣ್ಣಿಗೆ ಪೊರೆ ಬಂದಿದೆ. ಕಾಯಿ ಎರಡು ಕಾಣ್ತದೆ" ಅಂದರು. ಅಷ್ಟೇ. ಹಿಂದೆ ಪಿಟೀಲು ಗಿಟೀಲು ಏನೂ ಬಾರಿಸಲಿಲ್ಲ. ಅಜ್ಜ ಅದರಿಂದ ಏನೂ ಬೆಳೆಯಲೂ ಇಲ್ಲ. ಮೊಮ್ಮಗಳ ಗುರಿ ತಪ್ಪಿದಾಗ ಕಾಯಿ ಕಟ್ಟಿದವನನ್ನು ಬೈದರು.

ಪಿಕ್ಚರ್ ಬಿಡುಗಡೆಯಾದಾಗ ಅವರನ್ನೂ ಕರೆದುಕೊಂಡು ಹೋದೆ. ಕೊನೆಯಲ್ಲಿ ಹೀರೋ ಬಿಕ್ಕಿ ಬಿಕ್ಕಿ ಅಳುತ್ತಾ, ದಟ್ಟ ಮಂಜಿನಲ್ಲಿ, ಆಚೆ ಗುಡ್ಡದ ಮೇಲಿದ್ದ ವಿಲನ್‌ಗೆ ಒಂದೇ ಗುಂಡು ಹೊಡೆದ. ಥಿಯೇಟರ್ ತುಂಬ ಶಿಳ್ಳೆ. ಅಜ್ಜ ನನ್ನ ಕಿವಿ ಹತ್ತಿರ ಬಗ್ಗಿದರು.

"ಕಣ್ಣಲ್ಲಿ ಅಷ್ಟು ನೀರಿಟ್ಟುಕೊಂಡು ಗುರಿ ಹೇಗೆ ಹಿಡಿದ ಮಾರಾಯ?"