ರೊಟ್ಟಿ ಬಡಿಯುವ ಕೈಗಳನ್ನೂ ನೋಡಿ

ಕೈನೋವಿನ ಬಗೆಗಿನ ನಿಮ್ಮ ಲೇಖನದಲ್ಲಿ ಮೊಬೈಲು, ಕಂಪ್ಯೂಟರೇ ಮುಖ್ಯ ಕಾರಣ ಅಂತ ಬರೆದಿದ್ದೀರಿ, ಸರಿ, ಆದರೆ ನಮ್ಮ ಕಲಬುರಗಿ ಕಡೆ ದಿನಾ ಜೋಳದ ರೊಟ್ಟಿ ಬಡಿಯುವ ಹೆಂಗಸರು, ತೊಗರಿ ಕೊಯ್ಯುವವರು, ಬೀದರಿನಲ್ಲಿ ಬಿದರಿ ಕೆಲಸಕ್ಕೆ ಉಳಿ ಹಿಡಿದು ಕೂರುವವರು ಕಂಪ್ಯೂಟರ್ ಮುಟ್ಟದೇ ಇದ್ದರೂ ಕೈ ನೋವು ಅಂತಾರೆ. ಮೊಣಕೈ ಹೊರಭಾಗ ನೋಯುವ ಟೆನಿಸ್ ಎಲ್ಬೋಗೆ ಟೆನಿಸ್ಸೇ ಆಡಬೇಕಿಲ್ಲ, ಅಲ್ವಾ? ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ ಅಂದರೆ ಮಣಿಕಟ್ಟಿನಲ್ಲಿ ನರ ಒತ್ತಿರಬಹುದು. ಕುತ್ತಿಗೆಯಲ್ಲಿ ನರ ಒತ್ತಿದರೂ ನೋವು ಕೈಗೇ ಇಳಿಯುತ್ತದೆ, ಆಗ ಸುಮ್ನೆ ಕೈಗೆ ಎಣ್ಣೆ ತಿಕ್ಕಿ ಏನು ಲಾಭ? ಸಕ್ಕರೆ ಕಾಯಿಲೆಯವರಿಗೆ ಭುಜ ಬಿಗಿಯುವುದು ಜಾಸ್ತಿ, ಅದನ್ನು ಬಿಟ್ಟೇ ಬಿಟ್ಟಿದ್ದೀರಿ. ಇನ್ನು ಎದೆ ಬಿಗಿದು, ಬೆವರು ಬಂದು ಎಡಗೈ ನೋಯುತ್ತಿದ್ದರೆ ಅದು ಹೃದಯಾಘಾತ ಇರಬಹುದು, ಗ್ಯಾಸ್ ಅಂತ ಸೋಡಾ ಕುಡಿದು ಕೂರಬೇಡಿ, 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಇಸಿಜಿ ಮಾಡಿಸಿ.