ನಮ್ಮ ಕಥೆ ರಂಗದ ಮೇಲೆ ಬರಬೇಕಾ?

ಪರ

ಮೊದಲ ದಿನ ನಮಗೆ ಯಾರೂ ನಾಟಕ ಕಲಿಸಲಿಲ್ಲ. ಮಂಗಳೂರಿನ ಹೊರವಲಯದ ಒಂದು ಅಂಗನವಾಡಿ ಕೋಣೆ, ಹನ್ನೊಂದು ದಲಿತ ಹೆಂಗಸರು, ಹೆಚ್ಚಿನವರು ಬೀಡಿ ಕಟ್ಟುವವರು. ಹೇಳಿಕೊಡಲು ಬಂದ ಅಕ್ಕ ನಮ್ಮ ಮೇಲಾದ ದೌರ್ಜನ್ಯದ ಕಥೆ ಕೇಳುತ್ತಾರೆ ಎಂದು ಹೆದರಿ ಹೋಗಿದ್ದೆವು. ಅವರು ಕೇಳಲೇ ಇಲ್ಲ. ಸುಮ್ನೆ ಕೋಣೆ ತುಂಬ ನಡೆಯಿರಿ ಎಂದರು. ಐದು ನಿಮಿಷವಾದರೂ ನಡುವಿಗೆ ಒಬ್ಬಳೂ ಬರಲಿಲ್ಲ, ಎಲ್ಲರೂ ಗೋಡೆ ಬದಿಯಲ್ಲೇ ಸುತ್ತುತ್ತಿದ್ದೆವು. ಆಗ ಒಬ್ಬಳು ನಕ್ಕು, "ಧಣಿಗಳ ಅಂಗಳದ ಕರೆಯಲ್ಲಿ ಹೋದ ಹಾಗೆ ಹೋಗ್ತಿದ್ದೇವೆ ಅಲ್ವಾ?" ಎಂದಳು.

ನನ್ನ ವಾದ ಹೆಚ್ಚುಕಡಿಮೆ ಇಷ್ಟೇ. ಜಾತಿ ನಮ್ಮ ಕಾಲಿನಲ್ಲಿ ಕೂತಿದೆ, ಕುತ್ತಿಗೆಯಲ್ಲಿ ಕೂತಿದೆ. ಬಾಯಿಮಾತಿನ ಸಮಾಧಾನ ಅಲ್ಲಿಗೆ ಇಳಿಯುವುದಿಲ್ಲ.

ನನಗೆ ಆದದ್ದನ್ನು ಇಲ್ಲಿ ಬರೆಯುವುದಿಲ್ಲ. ಪೊಲೀಸರಿಗೆ ಹೇಳಿದ್ದೇನೆ, ಡಾಕ್ಟರಿಗೆ ಹೇಳಿದ್ದೇನೆ, ಮ್ಯಾಜಿಸ್ಟ್ರೇಟರ ಎದುರು ಹೇಳಿದ್ದೇನೆ. ಎಲ್ಲ ಕಡೆ ಕೇಳಿದ್ದು ಅವನು ಏನು ಮಾಡಿದ, ಎಷ್ಟು ಗಂಟೆಗೆ ಮಾಡಿದ ಎಂದು. ನಿನಗೆ ಏನು ಮಾಡಬೇಕು ಅನ್ನಿಸಿತ್ತು ಎಂದು ಕೇಳಿದ್ದು ಆ ಕೋಣೆಯಲ್ಲಿ ಮಾತ್ರ.

ಬ್ರೆಜಿಲ್‌ನ ರಂಗಕರ್ಮಿ ಅಗಸ್ಟೋ ಬೋಲ್ 1970ರ ದಶಕದಲ್ಲಿ ಬೆಳೆಸಿದ ಒಂದು ಕ್ರಮ ಇದೆ. ದೃಶ್ಯ ನಡೆಯುತ್ತಿರುವಾಗ ನೋಡುವವರಲ್ಲಿ ಯಾರಾದರೂ "ನಿಲ್ಲಿ" ಎಂದು ಎದ್ದು ಬರಬಹುದು, ಪಾತ್ರಧಾರಿಯ ಜಾಗದಲ್ಲಿ ನಿಂತು ಬೇರೆ ರೀತಿ ಮಾಡಿ ನೋಡಬಹುದು. ನಾವು ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನ ದೃಶ್ಯ ಮಾಡಿದೆವು. ಕಟ್ಟಿದ ಬೀಡಿ ಸರಿಯಿಲ್ಲ ಎಂದು ಬದಿಗೆ ಹಾಕುತ್ತಾ ಕೈ ಹಿಡಿಯುವ ಆಸಾಮಿ, ಗೊತ್ತಲ್ಲ. ಒಬ್ಬಳು ಬೈದಳು, ಒಬ್ಬಳು ಅತ್ತಳು, ಅರುವತ್ತು ದಾಟಿದ ಒಬ್ಬರು ಮಾತಾಡದೆ ತಮ್ಮ ಗೆರಸೆಯನ್ನು ಅವನ ಮೇಜಿನ ಮೇಲಿಟ್ಟು ಅಲ್ಲೇ ಎದುರು ಕುರ್ಚಿಯಲ್ಲಿ ಕೂತುಬಿಟ್ಟರು. ಕುರ್ಚಿಯಲ್ಲಿ! ಆ ಮೇಲೆ ಅರ್ಧ ಗಂಟೆ ನಾವು ನಕ್ಕದ್ದಕ್ಕೆ ಲೆಕ್ಕವಿಲ್ಲ.

ಇದೆಲ್ಲ ಎಲ್ಲಿಂದಲೋ ತಂದದ್ದು ಎನ್ನುವವರಿಗೆ ಒಂದು ಮಾತು. ಕವತ್ತಾರಿನಲ್ಲಿ, ಹಿರಿಯಡ್ಕದಲ್ಲಿ ಸಿರಿ ಜಾತ್ರೆ ನೋಡಿ. ಕೈಯಲ್ಲಿ ಅಡಿಕೆಯ ಹಿಂಗಾರ ಹಿಡಿದು ಸಾಲಾಗಿ ನಿಂತ ಹೆಂಗಸರು ಮೈಮೇಲೆ ಸಿರಿ ಬಂದು ಅಳುತ್ತಾರೆ, ಕೂಗುತ್ತಾರೆ, ಮನೆಯಲ್ಲಿ ಆಡಲಾಗದ್ದನ್ನು ಆಡುತ್ತಾರೆ. ಸಿರಿ ಯಾರು? ಗಂಡ ಕಾಂತು ಪೂಂಜನ ಅನ್ಯಾಯ ಸಹಿಸದೆ ಅವನನ್ನು ಬಿಟ್ಟು ಹೊರಟವಳು. ನೋವನ್ನು ಒಂದು ಪಾತ್ರದ ಬಾಯಲ್ಲಿ, ಇತರ ಹೆಂಗಸರ ನಡುವೆ ನಿಂತು ಹೇಳುವುದು ತುಳುನಾಡಿಗೆ ಹೊಸತಲ್ಲ. ಅಲ್ಲಿ ನಮ್ಮ ಕಾಲನಿಯವರಿಗೆ ಎಷ್ಟು ಜಾಗ ಎನ್ನುವುದು ಬೇರೆ ಮಾತು. ಅದಕ್ಕೇ ನಮಗೆ ನಮ್ಮದೇ ರಂಗ ಬೇಕು.

ವಾಸಿಯಾಯಿತಾ ಅಂತ ಕೇಳಬೇಡಿ. ಬಸ್ಸಿನಲ್ಲಿ ಯಾರಾದರೂ ಹಿಂದೆ ಬಂದು ನಿಂತರೆ ಈಗಲೂ ಬೆನ್ನು ಬಿಗಿಯುತ್ತದೆ. ಮೊದಲು ಮುಂದಿನ ಸ್ಟಾಪಿನಲ್ಲಿ ಇಳಿದುಬಿಡುತ್ತಿದ್ದೆ. ಈಗ ತಿರುಗಿ ನೋಡುತ್ತೇನೆ.

ವಿರೋಧ

ಈ ತಂಗಿ ಬರೆದದ್ದನ್ನು ಓದಿದೆ. ಗೋಡೆ ಬದಿಯ ಮಾತು ಓದಿ ಸ್ವಲ್ಪ ಹೊತ್ತು ಏನೂ ತೋಚಲಿಲ್ಲ. ಕೋಣೆಯೊಳಗೆ ಹನ್ನೊಂದು ಜನ ಮಾಡಿಕೊಂಡದ್ದಕ್ಕೆ ನನ್ನ ತಕರಾರು ಇಲ್ಲ.

ಆದರೆ ಕೋಣೆಯಲ್ಲೇ ನಿಲ್ಲಿಸಲು ಯಾರು ಬಿಡುತ್ತಾರೆ? ಮೂರನೇ ವಾರಕ್ಕೆ "ಶೋ ಯಾವಾಗ?" ಎಂದು ಶುರುವಾಗುತ್ತದೆ. ದುಡ್ಡು ಕೊಟ್ಟವರಿಗೆ ಫೋಟೋ ಬೇಕು, ಬಂದವರಿಗೆ ಕಣ್ಣೀರು ಬೇಕು, ಅದೂ "ನಿಜವಾಗಿ ಆದವಳೇ" ಮಾಡಿದರೆ ಇನ್ನೂ ಒಳ್ಳೆಯದು. ನಮ್ಮವರನ್ನು ಕುಣಿಸಿ ನೋಡುವ ಚಟ ಈ ಊರಿಗೆ ಹಳೆಯದು. ಕೊರಗ ಬುಡಕಟ್ಟಿನವರ ಕೈಯಲ್ಲಿ ಡೋಲು ಬಾರಿಸಿ, ಕುಣಿಸಿ, ಎಂಜಲು ತಿನ್ನಿಸುತ್ತಿದ್ದ ಅಜಲು ಪದ್ಧತಿಯನ್ನು ನಿಲ್ಲಿಸಲು 2000ದಲ್ಲಿ ಒಂದು ಕಾನೂನೇ ಬೇಕಾಯಿತು.

ತಂಗಿ ಸಿರಿಯ ಮಾತು ಎತ್ತಿದಳು. ನಾನು ಭೂತಕೋಲದ ಮಾತು ಎತ್ತುತ್ತೇನೆ. ಕೋಲ ಕಟ್ಟುವ ಪಂಬದರು, ಪರವರು, ನಲಿಕೆಯವರು ಬಣ್ಣ ಹಚ್ಚಿ ನಿಂತರೆ ಗುತ್ತಿನ, ಅಂದರೆ ಊರ ದೊಡ್ಡ ಮನೆಯ ಯಜಮಾನರು ಕೈಮುಗಿದು ನಿಲ್ಲುತ್ತಾರೆ. ದೈವ ಗದರಿಸಿದರೆ ತಲೆ ಬಗ್ಗಿಸುತ್ತಾರೆ. ಬೆಳಿಗ್ಗೆ ಬಣ್ಣ ತೊಳೆದ ಮೇಲೆ? ಅದೇ ಮನುಷ್ಯ ಅದೇ ಅಂಗಳದ ಹೊರಗೆ. ಇಷ್ಟು ತಲೆಮಾರು ದೈವದ ನುಡಿಗೇ ಬದಲಾಗದ ಊರು ಒಂದೂವರೆ ಗಂಟೆಯ ನಾಟಕಕ್ಕೆ ಬದಲಾಗುತ್ತದಾ?

ಊರು ಬದಲಾಗದಿದ್ದರೂ ಹೆಂಗಸಿನ ಮನಸ್ಸು ಹಗುರಾಗಬಹುದಲ್ಲ ಎನ್ನುತ್ತೀರಿ. ನಾನು ಉಡುಪಿ ಕೋರ್ಟಿಗೆ ಇಂಥ ಕೇಸಿನ ಹೆಂಗಸರ ಜೊತೆ ಹೋಗುವವಳು, ಅಲ್ಲಿಂದ ನೋಡಿದ್ದನ್ನು ಹೇಳುತ್ತೇನೆ. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯ್ದೆ 1989ರದ್ದು. ಈಗಿನ ನಿಯಮದಂತೆ ಅರುವತ್ತು ದಿನದೊಳಗೆ ಚಾರ್ಜ್‌ಶೀಟ್, ಅಲ್ಲಿಂದ ಆದಷ್ಟು ಎರಡು ತಿಂಗಳಲ್ಲಿ ವಿಚಾರಣೆ ಮುಗಿಯಬೇಕು. ಆ "ಆದಷ್ಟು" ಎಂಬ ಪದದೊಳಗೆ ವರ್ಷಗಳು ಹೋಗುತ್ತವೆ. ಅತ್ಯಾಚಾರಕ್ಕೆ ಒಳಗಾದವಳ ಗುರುತು ಬಿಟ್ಟುಕೊಟ್ಟರೆ ಎರಡು ವರ್ಷದವರೆಗೆ ಜೈಲು ಎಂದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಹೇಳುತ್ತದೆ. ವಿಚಾರಣೆಯೂ ಮುಚ್ಚಿದ ಬಾಗಿಲ ಒಳಗೆ. ಕಾನೂನು ಇಷ್ಟೆಲ್ಲ ಮರೆ ಕಟ್ಟಿಕೊಟ್ಟದ್ದನ್ನು ನಾವೇ ಮೈಕು ಹಿಡಿದು ಕಿತ್ತುಹಾಕುವುದಾ? ಅವಳೇ ಬರೆದು ಒಪ್ಪಿಗೆ ಕೊಡಬಹುದು, ಹೌದು. ನಾಟಕದ ಹುಮ್ಮಸ್ಸಿನಲ್ಲಿ ಕೊಟ್ಟ ಒಪ್ಪಿಗೆಯ ಬಗ್ಗೆ ನನಗೆ ನಂಬಿಕೆ ಕಡಿಮೆ. ಹೆಸರು ಬದಲಿಸಿದರೆ ಆಯಿತು ಎನ್ನಬೇಡಿ, ನಮ್ಮ ಕಡೆ ಕಾಲನಿಯ ಹೆಸರು ಹೇಳಿದರೆ ಮನೆ ಹೇಳಿದ ಹಾಗೆ.

ಇನ್ನು ಆ "ನಿಲ್ಲಿ" ಎನ್ನುವ ಆಟ. ಒಬ್ಬಳು ಕೂಗುತ್ತಾಳೆ, ಇನ್ನೊಬ್ಬಳು ಕುರ್ಚಿಯಲ್ಲಿ ಕೂರುತ್ತಾಳೆ, ನೋಡುವವರಿಗೆ ಖುಷಿ. ಆದರೆ ಹಿಂದೆ ಕೂತ ಗಂಡಸಿಗೆ ಅದು ಹೇಗೆ ಕೇಳಿಸುತ್ತದೆ? ಓ, ಹೀಗೂ ಮಾಡಬಹುದಿತ್ತಲ್ಲ, ಇವಳು ಯಾಕೆ ಮಾಡಲಿಲ್ಲ? ಎದುರು ಪಾರ್ಟಿ ವಕೀಲರು ಕೇಳುವುದೂ ಅದನ್ನೇ, ನಾಟಕದಲ್ಲಿ ಕಿರುಚಲು ಬಂತು, ಅವತ್ತು ಯಾಕೆ ಬರಲಿಲ್ಲ ಎಂದು. ಅವತ್ತು ಅವಳು ಕಿರುಚದೆ ಇದ್ದದ್ದರಿಂದಲೇ ಜೀವ ಉಳಿದಿರಬಹುದು. ಅದನ್ನು ಯಾವ ರಂಗದ ಮೇಲೆ ತೋರಿಸುತ್ತೀರಿ? ನಾಟಕ ಮಾಡಲೇಬೇಕಿದ್ದರೆ ದೊಡ್ಡ ಮನೆಯ ಹುಡುಗರ ಕೈಯಲ್ಲಿ ಮಾಡಿಸಿ. ಅವರು ಗೋಡೆ ಬದಿಯಲ್ಲಿ ನಡೆದು ನೋಡಲಿ.

ಎರಡು ವರ್ಷದ ಹಿಂದೆ ನನಗೆ ಗೊತ್ತಿರುವ ಒಬ್ಬಳು ಉಡುಪಿಯಲ್ಲಿ ತನ್ನದೇ ಪಾತ್ರ ಮಾಡಿದಳು. ಚೆನ್ನಾಗಿ ಮಾಡಿದಳು, ಸುಳ್ಳು ಹೇಳಬಾರದು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಚಾ ಕುಡಿಯುತ್ತಾ ಚರ್ಚೆ ಶುರುವಾಗುವಾಗ ಅವಳು ಚೀಲ ಎತ್ತಿಕೊಂಡು ಹೊರಟಳು, ಊರಿಗೆ ಕೊನೆಯ ಬಸ್ಸು ಎಂಟೂವರೆಗೆ. ಬಸ್ಸಿಳಿದರೆ ಕತ್ತಲೆಯಲ್ಲಿ ಅವನ ಗೇಟು ದಾಟಿಯೇ ಮನೆಗೆ ಹೋಗಬೇಕು. ಜೊತೆಗೆ ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ, ಮರುದಿನ ಬೆಳಿಗ್ಗೆ ಕೋರ್ಟಿತ್ತು.