55 ಪರ್ಸೆಂಟ್

ಲೀಗ್ ಮುಗಿದ್ಮೇಲೆ ನಡೆಯೋ ಪ್ಲೇಆಫ್ ಮ್ಯಾಚ್ ಹಿಂದಿನ ರಾತ್ರಿ ನಮ್ಮ ಭಾವನಿಗೆ ಫೋನ್ ಮಾಡಿದ್ರೆ ಹಲೋ ಅನ್ನಲ್ಲ, ಒಂದು ನಂಬರ್ ಹೇಳ್ತಾರೆ. "55." ಅಷ್ಟೆ. ಅದು ನಮ್ಮ ಫುಟ್‌ಬಾಲ್ ಟೀಮ್ ಬೆಂಗಳೂರು ಎಫ್‌ಸಿ ಗೆಲ್ಲೋ ಚಾನ್ಸು, ಪರ್ಸೆಂಟ್ ಲೆಕ್ಕದಲ್ಲಿ. ಇಷ್ಟು ವರ್ಷದಲ್ಲಿ ಆ ನಂಬರ್ 60 ದಾಟಿದ್ದು ಒಂದೇ ಒಂದ್ಸಲ, 2018ರ ಐಎಸ್ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ಗೆ, ಆವತ್ತು ಭಾವ 80 ಅಂದ್ಬಿಟ್ರು, ಅಂದಿದ್ದಲ್ದೆ ಆಫೀಸಲ್ಲಿ ನಾಲ್ಕು ಜನರ ಮುಂದೆ ಅಂದ್ರು, ಅದಕ್ಕೇ ಹಂಗಾಯ್ತು ಅಂತ ಅಕ್ಕ ಇವತ್ತಿಗೂ ಹೇಳ್ತಾಳೆ.

ಭಾವನ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ ಅನ್ನಿ. ನಮ್ಮ ಟೀಮಿಗೆ ಐಎಸ್ಎಲ್‌ನಲ್ಲಿ ಅದು ಮೊದಲನೇ ಸೀಸನ್, ಲೀಗಲ್ಲಿ 40 ಪಾಯಿಂಟ್ ತಗೊಂಡು ಟಾಪಲ್ಲಿದ್ವಿ, ಎರಡನೇ ಜಾಗದಲ್ಲಿದ್ದ ಚೆನ್ನೈಯಿನ್ ಹತ್ರ 32, ಫೈನಲ್ ಬೇರೆ ನಮ್ಮ ಕಂಠೀರವದಲ್ಲೇ. ಒಂಬತ್ತನೇ ನಿಮಿಷಕ್ಕೆ ನಮ್ಮ ಕ್ಯಾಪ್ಟನ್ ಸುನಿಲ್ ಛೆಟ್ರಿ ನೆಲಕ್ಕೆ ಹಾರಿ ಹೆಡರ್ ಹೊಡೆದಾಗ ನನ್ನ ಪಕ್ಕದಲ್ಲಿದ್ದ ಭಾವ "80 ಅಲ್ಲ, 90" ಅಂತ ತಿದ್ದಿದ್ರು. ಆಮೇಲೆ ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಅನ್ನೋ ಡಿಫೆಂಡರ್ ಕಾರ್ನರ್ ಕಿಕ್‌ನಿಂದ ಒಂದು ಹೆಡರ್, ಹಾಫ್ ಟೈಮಿಗೆ ಮುಂಚೆ ಅಂಥದೇ ಇನ್ನೊಂದು ಹಾಕಿದ. 3-2ರಲ್ಲಿ ಸೋತ್ವಿ. ಕಬ್ಬನ್ ಪಾರ್ಕ್ ಪಕ್ಕ ನಡ್ಕೊಂಡು ಬರ್ತಾ ಭಾವ ಮಾತೇ ಆಡಲಿಲ್ಲ, ಎಂ.ಜಿ. ರೋಡ್ ಹತ್ರ ಬಂದಾಗ ಮಾತ್ರ "ಕಾರ್ನರ್ ಲೆಕ್ಕಕ್ಕೆ ಹಿಡಿದಿರಲಿಲ್ಲ ಕಣೋ" ಅಂದ್ರು.

ಅಲ್ಲಿಂದ ಲೆಕ್ಕ ಪೇಪರ್ ಮೇಲೆ ಬಂತು. ಮದುವೆ ಇನ್ವಿಟೇಶನ್ ಕವರೋ, ಗ್ಯಾಸ್ ರಸೀದಿ ಹಿಂಭಾಗಾನೋ, ಏನು ಸಿಕ್ಕುತ್ತೋ ಅದರ ಮೇಲೆ ನಡುವೆ ಒಂದು ಗೆರೆ ಎಳೆದು, ಎಡಗಡೆ ನಾವು, ಬಲಗಡೆ ಅವರು. ಹೋಮ್ ಗ್ರೌಂಡ್ ಆದ್ರೆ ಐದು, ಛೆಟ್ರಿ ಫಿಟ್ ಇದ್ರೆ ಐದು, ಎದುರು ಟೀಮಲ್ಲಿ ಯಾರಿಗಾದ್ರೂ ಸಸ್ಪೆನ್ಶನ್ ಇದ್ರೆ ಮೂರು, ರೆಫ್ರಿ ಯಾರು ಅನ್ನೋದಕ್ಕೆ ಮೈನಸ್ ಎರಡು (ಯಾವ ರೆಫ್ರಿ ಬಂದ್ರೂ ಮೈನಸ್ ಎರಡೇ). ಕಾರ್ನರ್‌ಗೆ ಅಂತ 2018ರಿಂದ ಪ್ರತ್ಯೇಕ ಸಾಲು ಇದೆ. ಎಲ್ಲ ಕೂಡಿ ಕಳೆದು ಕೊನೆಗೆ ಬರೋದು 55. ಒಂದ್ಸಲ ನಾನು ಎಡಗಡೆದೆಲ್ಲ ಕೂಡಿಸಿ ನೋಡಿದೆ, 64 ಬಂತು. "ಭಾವ, ಇಲ್ಲಿ 64 ಆಗುತ್ತಲ್ಲ" ಅಂದೆ. ಅವರು ಪೇಪರ್ ಕಿತ್ಕೊಂಡು "ನಿಂಗೆ ಲೆಕ್ಕ ಬರಲ್ಲ, ಸುಮ್ನಿರು" ಅಂದ್ರು. ಬ್ಯಾಂಕಲ್ಲಿ ಕೆಲಸ ಮಾಡೋ ಮನುಷ್ಯ ಅವರು.

ಆವಾಗ್ಲೇ ನಂಗೆ ಗೊತ್ತಾಗಿದ್ದು, ಈ ಪರ್ಸೆಂಟ್ ಲೆಕ್ಕವೇ ಅಲ್ಲ, ಒಂಥರಾ ಗುಟ್ಟಿನ ಭಾಷೆ ಅಂತ. ಊರಲ್ಲಿ ರಾಗಿ ಆಳೆತ್ತರ ಬೆಳೆದಿದ್ರೂ ಕೇಳಿದ್ರೆ "ಏನೋ, ಒಂದಿಷ್ಟು ಬಂದದೆ" ಅಂತಾರಲ್ಲ, ಮಗು ಗುಂಡುಗುಂಡಗಿದ್ರೂ ತಾಯಿ "ಊಟಾನೇ ಮಾಡಲ್ಲ ಕಣ್ರೀ" ಅಂತಾಳಲ್ಲ, ಅದೇ ಪೈಕಿ ಇದು. 55 ಅಂದ್ರೆ ಗೆಲ್ತೀವಿ, ಆದ್ರೆ ಬಾಯಿಬಿಟ್ಟು ಹೇಳಬೇಡ ಅಂತ ಅರ್ಥ. 50 ಅಂದ್ರೆ ಹೊಟ್ಟೆಯೊಳಗೆ ಭಯ ಶುರುವಾಗಿದೆ. 45 ಅಂದ್ರೆ ಯಾರೋ ಪ್ಲೇಯರ್ ಪ್ರ್ಯಾಕ್ಟೀಸಲ್ಲಿ ತೊಡೆ ಹಿಡ್ಕೊಂಡಿದ್ದು ಭಾವನ ಕಿವಿಗೆ ಬಿದ್ದಿದೆ. 45ಕ್ಕಿಂತ ಕೆಳಗೆ ಹೋಗಿದ್ದೇ ಇಲ್ಲ, ಹೋದ್ರೆ ಟಿಕೆಟ್ ಯಾಕೆ ತಗೊಂಡ್ರಿ ಅಂತ ಅಕ್ಕ ಕೇಳ್ತಾಳೆ ಅನ್ನೋ ಭಯ.

ಹೋಗ್ಲಿ, ಆ ಪೇಪರಲ್ಲಿ ಬರೆದಿದ್ದು ಯಾವತ್ತಾದ್ರೂ ಗ್ರೌಂಡಲ್ಲಿ ನಡೆದಿದೆಯಾ? 2019ರ ಫೈನಲ್ ಮುಂಬೈಯಲ್ಲಿ, ಎದುರುಗಡೆ ಗೋವಾ, ಛೆಟ್ರಿ ಹೊಡೀತಾರಾ ಮೀಕು ಹೊಡೀತಾರಾ ಅಂತ ಎರಡು ದಿನ ವಾದ ಮಾಡಿದ್ವಿ, 90 ನಿಮಿಷ ಮುಗೀತು, ಎಕ್ಸ್‌ಟ್ರಾ ಟೈಮೂ ಮುಗೀತಾ ಬಂತು, ಇನ್ನೇನು ಪೆನಾಲ್ಟಿ ಅಂತ ಎಲ್ರೂ ಉಗುರು ಕಚ್ತಾ ಕೂತಿದ್ದಾಗ ಹೆಡ್ ಮಾಡಿ ಕಪ್ ಗೆಲ್ಲಿಸಿದ್ದು ಡಿಫೆಂಡರ್ ರಾಹುಲ್ ಭೇಕೆ. ಅದೂ ಕಾರ್ನರ್‌ನಿಂದ! ಕಾರ್ನರ್ ಸಾಲಲ್ಲಿ ಭಾವ ನಮಗೆ ಹಾಕಿದ್ದು ಸೊನ್ನೆ. ಇನ್ನು 2023ರ ಮಾರ್ಚ್ 3, ಕೇರಳ ಬ್ಲಾಸ್ಟರ್ಸ್ ಜೊತೆ ನಾಕೌಟ್. ಎಕ್ಸ್‌ಟ್ರಾ ಟೈಮಲ್ಲಿ ನಮಗೆ ಫ್ರೀ ಕಿಕ್ ಸಿಕ್ತು, ಅವರ ಗೋಲಿ ಇನ್ನೂ ಪ್ಲೇಯರ್‌ಗಳನ್ನ ಗೋಡೆ ಥರ ನಿಲ್ಲಿಸ್ತಾ ಇದ್ದ, ಛೆಟ್ರಿ ಆಚೆ ಈಚೆ ನೋಡಿ ಮೆಲ್ಲಗೆ ಬಾಲ್ ಎತ್ತಿ ಒಳಗೆ ಹಾಕೇಬಿಟ್ರು. ರೆಫ್ರಿ ಗೋಲ್ ಅಂದ್ರು. ಬ್ಲಾಸ್ಟರ್ಸ್ ಕೋಚ್ ಸಿಟ್ಟಿಗೆದ್ದು ಇಡೀ ಟೀಮನ್ನ ಗ್ರೌಂಡಿಂದ ಕರ್ಕೊಂಡು ಹೊರಟೇ ಹೋದ್ರು. ನಾವು ಸ್ಟ್ಯಾಂಡಲ್ಲಿ ಕೂತು ಗೆದ್ವಾ, ಸೋತ್ವಾ, ಮನೆಗೆ ಹೋಗೋದಾ, ಇಲ್ಲೇ ಇರೋದಾ ಅಂತ ಒಬ್ರ ಮುಖ ಒಬ್ರು ನೋಡ್ತಾ ಇದ್ವಿ. ಎದುರು ಟೀಮ್ ವಾಕೌಟ್ ಮಾಡೋದಕ್ಕೆ ಪೇಪರಲ್ಲಿ ಎಷ್ಟು ಮಾರ್ಕ್ಸ್ ಇಡಬೇಕು ಹೇಳಿ.

ಪ್ಲೇಆಫ್ ಅನ್ನೋದೇ ಒಂದು ವಿಚಿತ್ರ ಏರ್ಪಾಡು. 2024-25ರ ಸೀಸನ್‌ನಲ್ಲಿ ಆರು ತಿಂಗಳು 24 ಮ್ಯಾಚ್ ಆಡಿಸಿ ಯಾರು ಹೆಚ್ಚು ಯಾರು ಕಮ್ಮಿ ಅಂತ ತೂಗಿ ಇಟ್ಟಿದ್ರು, ಆಮೇಲೆ ಅದನ್ನೆಲ್ಲ ಪಕ್ಕಕ್ಕಿಟ್ಟು ಮೂರನೇ ಜಾಗಕ್ಕೂ ಆರನೇ ಜಾಗಕ್ಕೂ, ನಾಲ್ಕಕ್ಕೂ ಐದಕ್ಕೂ ಒಂದೊಂದು ರಾತ್ರಿಯ ಪರೀಕ್ಷೆ ಇಟ್ರು. ಅವರಲ್ಲಿ ಮೇಲಿದ್ದೋರಿಗೆ ಸಿಕ್ಕಿದ್ದು ಹೋಮ್ ಗ್ರೌಂಡ್ ಒಂದೇ. 2025ರಲ್ಲಿ ನಾವು ಮೂರನೇ ಜಾಗ, 38 ಪಾಯಿಂಟ್. ಆರನೇ ಜಾಗ ಮುಂಬೈ ಸಿಟಿ, 36. ಆ ಎರಡು ಪಾಯಿಂಟ್ ವ್ಯತ್ಯಾಸಾನ ಭಾವ "ಇದು ವ್ಯತ್ಯಾಸ ಅಲ್ಲ ಕಣೋ, ಚಿಲ್ಲರೆ" ಅಂದ್ರು. ಅದಕ್ಕಿಂತ ದೊಡ್ಡ ತಲೆನೋವು ಅಂದ್ರೆ ಹದಿನೆಂಟು ದಿನ ಮುಂಚೆ ಇದೇ ಮುಂಬೈ ಇದೇ ಕಂಠೀರವದಲ್ಲಿ ನಮ್ಮನ್ನ 2-0 ಹೊಡೆದೇ ಆರನೇ ಜಾಗಕ್ಕೆ ಬಂದಿದ್ರು. ಅಂದ್ರೆ ನಾವೇ ಬಾಗಿಲು ತೆಗೆದು ಒಳಗೆ ಕರೆದಿದ್ದು. ಆವತ್ತು ಫೋನಲ್ಲಿ ಭಾವನ ನಂಬರ್ 48. ಇನ್ನು ದಶಮಾಂಶ ಹಾಕೋದೊಂದೇ ಬಾಕಿ.

ಮ್ಯಾಚ್ ದಿನ ಎರಡು ಗಂಟೆ ಮುಂಚೇನೇ ಹೋಗಿ ಕೂತ್ವಿ. ಕಂಠೀರವದಲ್ಲಿ ಸ್ಟ್ಯಾಂಡಿಗೂ ಗ್ರೌಂಡಿಗೂ ನಡುವೆ ಓಟದ ಟ್ರ್ಯಾಕ್ ಇರೋದ್ರಿಂದ ಪ್ಲೇಯರ್‌ಗಳು ಅಂಗೈಯಷ್ಟೇ ಕಾಣ್ತಾರೆ, ಆದ್ರೂ ವಾರ್ಮಪ್ ನೋಡಿ ರೋಗ ಕಂಡುಹಿಡಿಯೋರು ಪ್ರತಿ ಸಾಲಲ್ಲೂ ಒಬ್ರಾದ್ರೂ ಇರ್ತಾರೆ. ನಮ್ಮ ಮುಂದಿನ ಸಾಲಿನ ಅಂಕಲ್ ಒಬ್ರು ಕೈಯನ್ನ ಹಣೆಗೆ ಅಡ್ಡ ಇಟ್ಕೊಂಡು "ಏಳನೇ ನಂಬರ್ ಕಾಲು ಎಳೀತಾ ಇದಾನೆ" ಅಂದ್ರು. ಭಾವ ತಕ್ಷಣ ಜೇಬಿಂದ ಪೇಪರ್ ತೆಗೆದು ಎರಡು ಮಾರ್ಕ್ಸ್ ಕಳೆದ್ರು. ಐದು ನಿಮಿಷ ಆದ್ಮೇಲೆ ಅದೇ ಅಂಕಲ್ "ಇಲ್ಲ ಇಲ್ಲ, ಲೇಸ್ ಕಟ್ಕೊಳ್ತಾ ಇದ್ದ" ಅಂದ್ರು, ಇವರು ಮತ್ತೆ ಕೂಡಿದ್ರು. ಅಷ್ಟೊತ್ತಿಗೆ ವೆಸ್ಟ್ ಬ್ಲಾಕಲ್ಲಿ ಡ್ರಮ್ ಶುರುವಾಗಿತ್ತು, ವೆಸ್ಟ್ ಬ್ಲಾಕ್ ಬ್ಲೂಸ್ ಅನ್ನೋ ಫ್ಯಾನ್ ಗುಂಪಿನ ಹುಡುಗರು ಲೆಕ್ಕಗಿಕ್ಕ ಹಾಕೋರಲ್ಲ, ಅವರದ್ದು ಪ್ರತಿ ಮ್ಯಾಚಿಗೂ ನೂರಕ್ಕೆ ನೂರು, ಆ ಧೈರ್ಯ ನಮಗೆ ವಯಸ್ಸಾದ್ಮೇಲೆ ಹೋಯ್ತೋ ಮೊದ್ಲಿಂದ್ಲೂ ಇರಲಿಲ್ವೋ.

5-0! ಐದು ಗೋಲು, ಐದೂ ಬೇರೆ ಬೇರೆಯವರದ್ದು. ನಾಲ್ಕನೇದು ಛೆಟ್ರಿಯದ್ದು, 40 ವರ್ಷದ ಮನುಷ್ಯ. ಮೂರನೇ ಗೋಲಿಗೆ ಭಾವ ಪೇಪರ್ ಮಡಚಿ ಜೇಬಿಗೆ ಹಾಕ್ಕೊಂಡ್ರು, ಐದನೇದಕ್ಕೆ ಅಂಕಲ್‌ನ ತಬ್ಕೊಂಡ್ರು.

ಸೆಮಿಫೈನಲ್ ಗೋವಾ ಜೊತೆ ಎರಡು ಲೆಗ್. ಇಲ್ಲಿ 2-0 ಗೆದ್ದು ಅಲ್ಲಿಗೆ ಹೋದ್ವಿ, ಭಾವ ಅದಕ್ಕೂ 55 ಅಂದ್ರು, ಎರಡು ಗೋಲು ಮುಂದಿದ್ರೂ. ನಾನು ನಕ್ಕೆ. 88ನೇ ನಿಮಿಷಕ್ಕೆ ಗೋವಾ ಎರಡನೇ ಗೋಲು ಹಾಕಿ ಒಟ್ಟು ಸ್ಕೋರ್ 2-2 ಆದಾಗ ನಗು ನಿಂತುಹೋಯ್ತು. ಆಮೇಲೆ ಇಂಜುರಿ ಟೈಮಲ್ಲಿ ಮತ್ತೆ ಛೆಟ್ರಿ ತಲೆ.

ಫೈನಲ್ ಏಪ್ರಿಲ್ 12ಕ್ಕೆ, ಕೋಲ್ಕತ್ತಾದಲ್ಲಿ, ಮೋಹನ್ ಬಗಾನ್ ಮನೆಯಲ್ಲೇ. ಹಿಂದಿನ ರಾತ್ರಿ ಫೋನ್ ಮಾಡಿದೆ. ಭಾವ ಮೊದಲನೇ ಸಲ "ಹಲೋ" ಅಂದ್ರು.

"ಎಷ್ಟು ಭಾವ?"

"ಈ ಸಲ ಲೆಕ್ಕ ಬೇಡ ಕಣೋ. ಸುಮ್ನೆ ನೋಡೋಣ."

ನಂಗೆ ನಿದ್ದೆ ಬರಲಿಲ್ಲ. ಹನ್ನೆರಡು ಗಂಟೆಗೆ ಎದ್ದು ನಾನೇ ಒಂದು ಕವರ್ ಹುಡುಕಿ ನಡುವೆ ಗೆರೆ ಎಳೆದೆ. ಹೋಮ್ ಗ್ರೌಂಡ್ ಅವರದ್ದು, ಲೀಗ್ ಟಾಪ್ ಅವರು, ಬಲಗಡೆ ತುಂಬ್ತಾನೇ ಹೋಯ್ತು. ಎಡಗಡೆ ಛೆಟ್ರಿ ಅಂತ ಬರೆದು ಹತ್ತು ಹಾಕಿದೆ, ಸಾಲ್ದು ಅನ್ನಿಸಿ ಹದಿನೈದು ಮಾಡಿದೆ. ಹಂಗೂ ಹಿಂಗೂ ಎಳೆದು 52ಕ್ಕೆ ತಂದೆ.

ಮ್ಯಾಚಲ್ಲಿ ಮೊದಲನೇ ಗೋಲು ನಮಗೇ ಬಂತು, 49ನೇ ನಿಮಿಷಕ್ಕೆ, ಅವರ ಡಿಫೆಂಡರೇ ತಮ್ಮ ಗೋಲಿಗೆ ಹಾಕ್ಕೊಂಡಿದ್ದು. ಆಮೇಲೆ ಅವರಿಗೆ ಪೆನಾಲ್ಟಿ, 1-1. ಎಕ್ಸ್‌ಟ್ರಾ ಟೈಮ್ ಶುರುವಾಗಿ ಸ್ವಲ್ಪ ಹೊತ್ತಿಗೇ ಅವರ ಸ್ಟ್ರೈಕರ್ ಮ್ಯಾಕ್ಲಾರೆನ್ ಗೋಲು. 2-1.

ಎರಡು ದಿನ ಬಿಟ್ಟು ಅಕ್ಕನ ಮನೆಗೆ ಹೋದೆ. ಭಾವ ಸ್ನಾನಕ್ಕೆ ಹೋಗಿದ್ರು. ಟಿವಿ ಪಕ್ಕ ಇದ್ದ ಗ್ಯಾಸ್ ರಸೀದಿ ಹಿಂದೆ ತಿರುಗಿಸಿದ್ರೆ ಅದೇ ಗೆರೆ, ಅದೇ ಗುಂಡಗಿನ ಅಕ್ಷರ. ಪರ್ಸೆಂಟ್ ಇರಲಿಲ್ಲ. ಕೆಳಗಡೆ ಚಿಕ್ಕದಾಗಿ "1-2, ಎಕ್ಸ್‌ಟ್ರಾ ಟೈಮ್" ಅಂತ ಇತ್ತು, ಮೇಲೆ 11ನೇ ತಾರೀಕು. ಇಷ್ಟು ವರ್ಷಕ್ಕೆ ಮೊದಲನೇ ಸಲ ಲೆಕ್ಕ ಸರಿಯಾಗಿತ್ತು.

ಟವೆಲ್ ಸುತ್ಕೊಂಡು ಬಂದ ಭಾವ ನನ್ನ ಕೈಲಿದ್ದ ಪೇಪರ್ ನೋಡಿ ಅಲ್ಲೇ ನಿಂತ್ರು. "ನಾನು ಅದನ್ನ ಬರೀಬಾರ್ದಿತ್ತು ಕಣೋ" ಅಂದ್ರು.